ಅರಿವು ಆಚಾರವಾಗುವ ಬಗೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಯಥಾಮತಿಯಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ವೈದ್ಯನಲ್ಲ, ಪಾಠಶಾಲೆಯಲ್ಲಿ ಓದಿ, ಅಲ್ಲಿಯೇ ಪಾಠ ಹೇಳುತ್ತಿರುವವನು. ಆದರೂ ಬೋಧನೆಯೆಂಬುದು ನನ್ನ ಕಾಯಕವಾಗಿರುವುದರಿಂದ, ಬೋಧಿಸಿದ ಮಾತು ಕೇಳಿದವನ ನಡೆಯಲ್ಲಿ ಏಕೆ ಇಳಿಯುವುದಿಲ್ಲವೆಂಬ ಪ್ರಶ್ನೆಯು ವೈದ್ಯರನ್ನು ಕಾಡುವಂತೆ ನನ್ನನ್ನೂ ಕಾಡುತ್ತಿರುವುದು.

ಮಹಾಜನರೇ, ಆರೋಗ್ಯವನ್ನು ಕುರಿತು ಉಪದೇಶ ಮಾಡುವವರಿಗೆ ನಮ್ಮ ದೇಶದಲ್ಲಿ ಎಂದೂ ಕೊರತೆಯಿಲ್ಲ. ಉಣ್ಣುವುದಕ್ಕೆ ಮೊದಲು ಕೈ ತೊಳೆಯಬೇಕೆಂಬುದು, ಕುಡಿಯುವ ನೀರು ಶುದ್ಧವಾಗಿರಬೇಕೆಂಬುದು, ಹೊಗೆಸೊಪ್ಪು ದೇಹಕ್ಕೆ ಹಗೆಯೆಂಬುದು ಎಳೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಕೇಳಿದರೆ ಎಲ್ಲರೂ ಹೌದೆನ್ನುವರು. ಹೌದೆಂದವರೆಲ್ಲರೂ ಮಾಡುವರೇ ಎಂದರೆ ಇಲ್ಲವೆನ್ನಬೇಕಾಗುವುದು. ಹೀಗಿರಲು, ಇನ್ನೊಂದು ಉಪದೇಶವನ್ನು ಹಿಂದಿನ ಉಪದೇಶಗಳ ರಾಶಿಗೆ ಸೇರಿಸಿ ಹೋಗುವುದರಿಂದ ಪ್ರಯೋಜನವೇನು? ಆದಕಾರಣ ಇಂದು ನಾನು ಆರೋಗ್ಯದ ನಿಯಮಗಳನ್ನು ಎಣಿಸುವುದಕ್ಕೆ ಹೊರಡದೆ, ತಿಳಿದುದನ್ನು ಮನುಷ್ಯನು ಏಕೆ ಮಾಡನು, ಮಾಡುವಂತಾಗುವುದಕ್ಕೆ ಯಾವ ಉಪಾಯಗಳು ಫಲಿಸಿವೆ ಎಂಬ ಒಂದೇ ವಿಷಯವನ್ನು ವಿಚಾರಿಸುವೆನು.

ಈ ಪ್ರಶ್ನೆಯು ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ‘ಪ್ರಜ್ಞಾಪರಾಧ’ವೆಂಬ ಒಂದು ತತ್ತ್ವವು ನಿರೂಪಿತವಾಗಿದೆ. ಧೀ, ಧೃತಿ, ಸ್ಮೃತಿ ಎಂಬ ಮೂರು ಶಕ್ತಿಗಳಲ್ಲಿ ಯಾವುದು ಕೆಟ್ಟರೂ ಮನುಷ್ಯನು ತನಗೆ ಅಹಿತವಾದ ಕಾರ್ಯವನ್ನು ಮಾಡುವನು. ಅದರಿಂದ ದೋಷಗಳು ಪ್ರಕೋಪಗೊಳ್ಳುವುವು ಎಂಬುದು ಅದರ ತಾತ್ಪರ್ಯ. ಧೀ ಎಂದರೆ ಹಿತಾಹಿತಗಳನ್ನು ಸರಿಯಾಗಿ ತಿಳಿಯುವ ಬುದ್ಧಿ. ಧೃತಿಯೆಂದರೆ ಅಹಿತದ ಕಡೆಗೆ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುವ ದಾರ್ಢ್ಯ. ಸ್ಮೃತಿಯೆಂದರೆ ತಿಳಿದ ತತ್ತ್ವವು ಬೇಕಾದ ಸಮಯಕ್ಕೆ ನೆನಪಿಗೆ ಬರುವುದು. ನೋಡಿರಿ, ಮೂರರಲ್ಲಿ ತಿಳಿವಳಿಕೆಯೆಂಬುದು ಒಂದು ಮಾತ್ರ! ತಿಳಿದವನಿಗೂ ಧೃತಿಯಿಲ್ಲದಿದ್ದರೆ ಕೈ ಸಾಗದು. ಧೃತಿಯುಳ್ಳವನಿಗೂ ಸಮಯಕ್ಕೆ ನೆನಪಾಗದಿದ್ದರೆ ಕೆಲಸ ನಡೆಯದು. ನಾವು ಮಾಡುವ ಆರೋಗ್ಯಬೋಧೆಯು ಬಹುಮಟ್ಟಿಗೆ ಧೀಯೊಂದಕ್ಕೇ ಉಣಬಡಿಸಿ, ಉಳಿದಿಬ್ಬರನ್ನು ಪಂಕ್ತಿಯಲ್ಲಿ ಉಪವಾಸ ಕೂರಿಸುತ್ತದೆಯೆಂಬುದೇ ನನ್ನ ಅರಿಕೆ. ಈಚಿನ ಕಾಲದ ಸಂಶೋಧಕರು ಪ್ರಯೋಗಗಳಿಂದ ಕಂಡುಕೊಂಡಿರುವುದೂ ಇದಕ್ಕೆ ಹೊಂದುವಂತಿದೆ. ಅವುಗಳಲ್ಲಿ ಕೆಲವನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ‘ಓದುಬರಹವಿಲ್ಲದ ಜನರು ಮಾತು ಕೇಳುವುದಿಲ್ಲ’ವೆಂಬ ಒಂದು ನಿಂದೆಯನ್ನು ನಾವು ಬಿಡಬೇಕು. ಪಂಡಿತರೂ ಕೇಳುವುದಿಲ್ಲ. ಇದಕ್ಕೆ ಸಾಕ್ಷಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯರ ಚರಿತ್ರೆ. ಇವರು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರು ಜ್ವರದಿಂದ ಹೆಚ್ಚಾಗಿ ಸಾಯುತ್ತಿದ್ದರು. ವೈದ್ಯರು ಶವಗಳನ್ನು ಸೀಳಿ ಪರೀಕ್ಷಿಸಿದ ಕೈಗಳಿಂದಲೇ ಬಂದು ಹೆರಿಗೆ ಮಾಡಿಸುವುದೇ ಇದಕ್ಕೆ ಕಾರಣವೆಂದು ಸೆಮ್ಮೆಲ್ವೈಸರು ಊಹಿಸಿ, ೧೮೪೭ನೆಯ ಇಸವಿಯ ಮೇ ತಿಂಗಳಲ್ಲಿ, ಬಟ್ಟೆಯನ್ನು ಬಿಳುಪು ಮಾಡುವ ಸುಣ್ಣದ ಪುಡಿಯನ್ನು ಕರಗಿಸಿದ ನೀರಿನಲ್ಲಿ ಎಲ್ಲರೂ ಕೈ ತೊಳೆದೇ ಒಳಕ್ಕೆ ಬರಬೇಕೆಂದು ವಿಧಿಸಿದರು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಸುಮಾರು ೧೮ ಇದ್ದ ಸಾವು, ಜೂನ್ ತಿಂಗಳಿಗೆ ನೂರಕ್ಕೆ ಸುಮಾರು ೨ಕ್ಕೆ ಇಳಿಯಿತು.

ಇಷ್ಟು ಪ್ರತ್ಯಕ್ಷವಾದ ಪ್ರಮಾಣವಿದ್ದರೂ ಆ ಕಾಲದ ವೈದ್ಯಮಂಡಲಿಯು ಅವರ ಮಾತನ್ನು ಒಪ್ಪಲಿಲ್ಲ. ಒಪ್ಪುವುದೆಂದರೆ, ತಾಯಂದಿರು ತಮ್ಮ ಕೈಯಿಂದಲೇ ಸತ್ತರೆಂದು ಒಪ್ಪಿದಂತಾಗುತ್ತಿತ್ತು. ಸೂಕ್ಷ್ಮಜೀವಿಗಳ ಶಾಸ್ತ್ರವು ಅಂದಿಗೆ ಸ್ಥಾಪಿತವಾಗಿರಲಿಲ್ಲವೆಂಬುದೂ, ಸೆಮ್ಮೆಲ್ವೈಸರು ತಮ್ಮ ಗ್ರಂಥವನ್ನು ೧೮೬೧ರವರೆಗೆ ಪ್ರಕಟಿಸಲಿಲ್ಲವೆಂಬುದೂ, ಎದುರಾಳಿಗಳನ್ನು ಕಟುವಾಗಿ ನಿಂದಿಸಿದರೆಂಬುದೂ ಇದಕ್ಕೆ ಸೇರಿದ ಕಾರಣಗಳೇ. ಅವರು ೧೮೬೫ರಲ್ಲಿ ಒಂದು ಮಾನಸಿಕ ಚಿಕಿತ್ಸಾಲಯದಲ್ಲಿ ದೇಹವನ್ನು ಬಿಟ್ಟರು. ಅವರ ಮಾತು ಸತ್ಯವೇ ಆಗಿತ್ತು. ಆದರೆ ಕೇಳುವವನ ಅಭಿಮಾನಕ್ಕೆ ಪೆಟ್ಟು ಕೊಟ್ಟು ಹೇಳಿದ ಸತ್ಯವು ಅವನ ಕಿವಿಯ ಬಾಗಿಲಲ್ಲಿಯೇ ನಿಲ್ಲುವುದೆಂಬುದು ಇದರಿಂದ ತಿಳಿಯುವುದು. ಬೋಧಕನಾದವನು ಈ ಚರಿತ್ರೆಯನ್ನು ಮರೆಯಬಾರದು.

ಇನ್ನು ಭಯದ ವಿಚಾರ. ಹೆದರಿಸಿದರೆ ಜನರು ದಾರಿಗೆ ಬರುವರೆಂದು ನಂಬುವವರು ಬಹಳ ಮಂದಿ. ಇದನ್ನು ಅಮೆರಿಕಾ ದೇಶದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಹೊವರ್ಡ್ ಲೆವೆಂಥಾಲ್ ಎಂಬ ಪಂಡಿತರೂ ಅವರ ಸಂಗಡಿಗರೂ ಪರೀಕ್ಷಿಸಿ ನೋಡಿ, ೧೯೬೫ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಧನುರ್ವಾಯು ರೋಗವನ್ನು ಕುರಿತ ಕಿರುಹೊತ್ತಗೆಗಳನ್ನು ಕೊಟ್ಟು, ಅದನ್ನು ತಡೆಯುವ ಸೂಜಿಮದ್ದನ್ನು ಹಾಕಿಸಿಕೊಳ್ಳಿರೆಂದು ಹೇಳಲಾಯಿತು. ಕೆಲವು ಹೊತ್ತಗೆಗಳಲ್ಲಿ ರೋಗದ ಭಯಂಕರವಾದ ವರ್ಣನೆಯೂ ಚಿತ್ರಗಳೂ ಇದ್ದವು, ಕೆಲವು ಸೌಮ್ಯವಾಗಿದ್ದವು. ಭಯಂಕರವಾದುದನ್ನು ಓದಿದವರು ಹೆಚ್ಚು ಹೆದರಿದರು, ‘ಹಾಕಿಸಿಕೊಳ್ಳುವೆವು’ ಎಂದು ಹೆಚ್ಚಾಗಿ ಹೇಳಿದರು. ಆದರೆ ನಿಜವಾಗಿ ಹೋಗಿ ಹಾಕಿಸಿಕೊಂಡವರಲ್ಲಿ, ಹೆಚ್ಚು ಹೆದರಿದವರಿಗೂ ಕಡಮೆ ಹೆದರಿದವರಿಗೂ ಗಣನೀಯವಾದ ಭೇದ ಕಾಣಲಿಲ್ಲ.

ಭೇದವನ್ನುಂಟುಮಾಡಿದುದು ಬೇರೊಂದು ಸಣ್ಣ ಸಂಗತಿ. ಕೆಲವರಿಗೆ ಹೊತ್ತಗೆಯ ಜೊತೆಗೆ ಆರೋಗ್ಯಶಾಲೆಯನ್ನು ಗುರುತಿಸಿದ ಒಂದು ನಕ್ಷೆಯನ್ನೂ, ಅದು ತೆರೆದಿರುವ ವೇಳೆಯನ್ನೂ ಕೊಟ್ಟು, ‘ನಿಮ್ಮ ವಾರದ ಕೆಲಸಗಳನ್ನು ನೋಡಿಕೊಂಡು ಯಾವಾಗ ಹೋಗುವಿರೆಂದು ಗೊತ್ತುಮಾಡಿಕೊಳ್ಳಿರಿ’ ಎಂದು ತಿಳಿಸಲಾಗಿತ್ತು. ಹಾಗೆ ತಿಳಿಸಿದವರಲ್ಲಿ ನೂರಕ್ಕೆ ಸುಮಾರು ೨೮ ಮಂದಿ ಸೂಜಿಮದ್ದು ಹಾಕಿಸಿಕೊಂಡರು. ತಿಳಿಸದವರಲ್ಲಿ ನೂರಕ್ಕೆ ಸುಮಾರು ೩ ಮಂದಿ ಮಾತ್ರ. ಆರೋಗ್ಯಶಾಲೆಯಿರುವ ಸ್ಥಳವು ಆ ವಿದ್ಯಾರ್ಥಿಗಳಿಗೆ ತಿಳಿಯದುದೇನೂ ಅಲ್ಲ. ಆದರೆ ‘ಇಂಥ ದಿನ, ಇಂಥ ಹೊತ್ತಿಗೆ, ಇಂಥ ದಾರಿಯಿಂದ’ ಎಂದು ಮನಸ್ಸು ಮೊದಲೇ ನಿಶ್ಚಯಿಸಿಕೊಂಡರೆ, ಸಮಯ ಬಂದಾಗ ಸ್ಮೃತಿಯು ತಾನಾಗಿ ಎಚ್ಚರಗೊಳ್ಳುವುದು. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ರೋಗದ ವಿಚಾರವನ್ನೇ ತಿಳಿಸದೆ ಬರಿಯ ದಾರಿಯನ್ನು ತೋರಿಸಿದವರಲ್ಲಿ ಯಾರೂ ಹೋಗಲಿಲ್ಲ. ಆದುದರಿಂದ ಅಪಾಯದ ಅರಿವೂ ಬೇಕು, ದಾರಿಯೂ ಬೇಕು. ದಾರಿ ತೋರದೆ ಹೆದರಿಸುವುದು ಕತ್ತಲೆಯ ಕೋಣೆಯಲ್ಲಿ ಹಾವೆಂದು ಕೂಗಿ ಬಾಗಿಲು ಹಾಕಿಕೊಂಡು ಹೋದಂತೆ.

ನಮ್ಮ ದೇಶದಲ್ಲಿ ಬೀಡಿ, ಸಿಗರೇಟು, ಹೊಗೆಸೊಪ್ಪಿನ ಪೊಟ್ಟಣಗಳ ಮೇಲೆ ರೋಗದ ಚಿತ್ರಗಳನ್ನು ೨೦೦೯ರಿಂದ ಅಚ್ಚುಹಾಕುತ್ತಿರುವುದನ್ನು ತಾವು ಬಲ್ಲಿರಿ. ೨೦೧೮ರಿಂದ ಅದರೊಡನೆ, ಬಿಡಬೇಕೆನ್ನುವವರಿಗೆ ಸಲಹೆ ಕೊಡುವ ಒಂದು ಉಚಿತ ದೂರವಾಣಿ ಸಂಖ್ಯೆಯನ್ನೂ ಅಚ್ಚುಹಾಕಬೇಕೆಂದು ಕಟ್ಟುಮಾಡಿದ್ದಾರೆ. ಚಿತ್ರವು ಭಯ, ಸಂಖ್ಯೆಯು ದಾರಿ. ಮನೆಯಲ್ಲಿ ಹೊಗೆಸೊಪ್ಪಿನ ಚಟವುಳ್ಳ ಹಿರಿಯರಿದ್ದರೆ ಚಿತ್ರವನ್ನು ತೋರಿಸಿ ಮೂದಲಿಸುವುದಕ್ಕಿಂತ, ಆ ಸಂಖ್ಯೆಗೆ ಅವರೊಡನೆ ಕುಳಿತು ಮಾತಾಡಿಸುವುದು ಮೇಲಾದ ಸೇವೆಯಾಗುವುದು.

ಮೂರನೆಯದು ಧೃತಿಯ ವಿಚಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾ ದೇಶದಲ್ಲಿ ಆಹಾರದ ಅಭಾವವುಂಟಾಗಿ, ಅಲ್ಲಿಯವರು ಸಾಮಾನ್ಯವಾಗಿ ತಿನ್ನದೆ ಬಿಡುತ್ತಿದ್ದ ಕೆಲವು ಪದಾರ್ಥಗಳನ್ನು ಬಳಕೆಗೆ ತರಬೇಕಾಯಿತು. ಅವು ಪ್ರಾಣಿಗಳ ಗುಂಡಿಗೆ, ಮೂತ್ರಪಿಂಡ ಮೊದಲಾದುವು. ಅಂಥ ಆಹಾರವು ನಮಗೆ ವರ್ಜ್ಯವಾದುದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಹಿಡಿಸದ ಪದಾರ್ಥವನ್ನು ಅಡಿಗೆಮನೆಗೆ ತರಿಸುವುದು ಎಷ್ಟು ಕಷ್ಟವೆಂಬುದು ಎಲ್ಲ ದೇಶದ ತಾಯಂದಿರಿಗೂ ಗೊತ್ತು. ಆದಕಾರಣ ಪ್ರಯೋಗದ ಯುಕ್ತಿಯನ್ನಷ್ಟೇ ಗ್ರಹಿಸೋಣ. ಕುರ್ಟ್ ಲೆವಿನ್ ಎಂಬ ವಿದ್ವಾಂಸರು ಗೃಹಿಣಿಯರ ಆರು ಗುಂಪುಗಳನ್ನು ತೆಗೆದುಕೊಂಡರು. ಮೂರು ಗುಂಪುಗಳಿಗೆ ಚೆನ್ನಾದ ಉಪನ್ಯಾಸವನ್ನು ಕೊಡಿಸಿದರು. ಉಳಿದ ಮೂರು ಗುಂಪುಗಳಲ್ಲಿ ಅಷ್ಟೇ ಹೊತ್ತು, ಆ ಗೃಹಿಣಿಯರೇ ಅಡ್ಡಿಗಳನ್ನು ಕುರಿತು ತಮ್ಮತಮ್ಮೊಳಗೆ ಮಾತಾಡಿಕೊಂಡು, ಕೊನೆಯಲ್ಲಿ ‘ಬರುವ ವಾರದಲ್ಲಿ ಯಾರು ಮಾಡಿ ನೋಡುವಿರಿ?’ ಎಂದು ಕೇಳಿದಾಗ ಕೈಯೆತ್ತಿ ನಿಶ್ಚಯಿಸುವಂತೆ ಏರ್ಪಡಿಸಿದರು. ೧೯೪೩ರಲ್ಲಿ ಲೆವಿನ್ನರು ಬರೆದ ವರದಿಯಂತೆ, ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ೩ ಮಂದಿಯೂ, ಕೂಡಿ ನಿಶ್ಚಯಿಸಿದವರಲ್ಲಿ ನೂರಕ್ಕೆ ೩೨ ಮಂದಿಯೂ ಆ ಹೊಸ ಅಡಿಗೆಯನ್ನು ಮಾಡಿದರು.

ನಿಂತು ಉಪನ್ಯಾಸ ಮಾಡುತ್ತಿರುವ ನನಗೆ ಈ ಲೆಕ್ಕವು ಅಷ್ಟೇನೂ ಹಿತವಾದುದಲ್ಲ! ಆದರೂ ಸತ್ಯವನ್ನು ಮರೆಮಾಡಲಾಗದು. ಲೆವಿನ್ನರ ತರುವಾಯ ೧೯೫೫ರಲ್ಲಿ ಎಡಿತ್ ಬೆನೆಟ್ ಎಂಬ ವಿದುಷಿಯು ಈ ವಿಷಯವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ಚರ್ಚೆಯೆಂಬುದೇ ಮುಖ್ಯವಲ್ಲ. ನಿಶ್ಚಯ ಮಾಡುವುದು, ಮತ್ತು ‘ನನ್ನ ಸುತ್ತಲಿನವರೂ ಇದನ್ನೇ ನಿಶ್ಚಯಿಸಿರುವರು’ ಎಂದು ಕಾಣುವುದು, ಇವೆರಡೇ ಮುಖ್ಯವೆಂದು ತೋರಿಸಿದರು. ಧೃತಿಯೆಂಬುದು ಒಬ್ಬಂಟಿಯಾಗಿ ಕುಳಿತವನಲ್ಲಿ ಬಹು ಬೇಗ ಬತ್ತುವುದು. ಸತ್ಸಂಗದಲ್ಲಿ ಒಬ್ಬರ ಧೃತಿಯು ಇನ್ನೊಬ್ಬರಿಗೆ ಊರುಗೋಲಾಗುವುದು. ಗೋಷ್ಠಿಯೆಂಬ ಸಂಪ್ರದಾಯದಲ್ಲಿ ಬೆಳೆದ ನಮಗೆ ಇದನ್ನು ವಿವರಿಸಬೇಕಾದುದಿಲ್ಲ.

ನಾಲ್ಕನೆಯ ಉದಾಹರಣೆಯು ದೂರದ್ದಲ್ಲ. ನಮ್ಮ ಕೋಲಾರದ ಎಲ್ಲೆಗೆ ತಗುಲಿದ ಆಂಧ್ರದ ಚಿತ್ತೂರು ಜಿಲ್ಲೆಯದು. ಲಂಡನ್ನಿನ ಒಂದು ವೈದ್ಯಶಾಲೆಯ ಸಂಶೋಧಕರು ಬೆಂಗಳೂರಿನ ಸಂಶೋಧಕರೊಡಗೂಡಿ, ಅಲ್ಲಿನ ೧೪ ಹಳ್ಳಿಗಳನ್ನು ಆರಿಸಿಕೊಂಡು, ಏಳರಲ್ಲಿ ಕೈ ತೊಳೆಯುವ ಅಭ್ಯಾಸವನ್ನು ಹರಡುವ ಕಾರ್ಯವನ್ನು ನಡೆಸಿ, ಉಳಿದ ಏಳನ್ನು ಹೋಲಿಕೆಗೆ ಇಟ್ಟುಕೊಂಡರು. ಇದರ ವರದಿಯು ೨೦೧೪ರಲ್ಲಿ ಪ್ರಕಟವಾಯಿತು. ಇದರಲ್ಲಿ ಎರಡು ವಿಶೇಷಗಳಿವೆ. ಒಂದು: ಕೈ ತೊಳೆಯುವಿರಾ ಎಂದು ಕೇಳಿ ಬರೆದುಕೊಳ್ಳದೆ, ಮನೆಯಲ್ಲಿ ಕುಳಿತು ಕಣ್ಣಾರೆ ನೋಡಿ ಎಣಿಸಿದರು. ಮೊದಲು ನೋಡಿದಾಗ, ಶೌಚದ ತರುವಾಯ, ಅಡಿಗೆಗೆ ಮುಂಚೆ, ಊಟಕ್ಕೆ ಮುಂಚೆ ಎಂಬಿವೇ ಮೊದಲಾದ ಮುಖ್ಯ ಸಮಯಗಳಲ್ಲಿ ಸಾಬೂನಿನಿಂದ ಕೈ ತೊಳೆದುದು ನೂರಕ್ಕೆ ಒಂದೆರಡು ಸಲ ಮಾತ್ರ! ಎರಡು: ಆ ಕಾರ್ಯದಲ್ಲಿ ರೋಗದ ಮಾತನ್ನೂ ಕ್ರಿಮಿಯ ಮಾತನ್ನೂ ಮುಂದೆ ಮಾಡಲಿಲ್ಲ.

ಹಾಗಾದರೆ ಮಾಡಿದುದೇನು? ತನ್ನ ಮಗನನ್ನು ಒಳ್ಳೆಯ ನಡತೆಯವನನ್ನಾಗಿ ಬೆಳೆಸುವ ಒಬ್ಬ ಹಳ್ಳಿಯ ತಾಯಿಯ ಕಥೆಯನ್ನು ಚಲಚ್ಚಿತ್ರವಾಗಿ ತೋರಿಸಿದರು. ಕೊಳಕು ಕೈಯಿಂದ ಲಾಡು ಕಟ್ಟುವವನ ಪ್ರಹಸನವನ್ನು ಆಡಿ ಜನರನ್ನು ನಗಿಸಿ ಹೇಸಿಗೆಪಡಿಸಿದರು. ಊರವರ ಎದುರಿಗೆ ತಾಯಂದಿರಿಂದ ಪ್ರತಿಜ್ಞೆಯನ್ನು ಮಾಡಿಸಿದರು. ವಾತ್ಸಲ್ಯ, ಹೇಸಿಗೆ, ಮರ್ಯಾದೆ, ನೆರೆಹೊರೆಯ ಒಪ್ಪಿಗೆ, ಈ ನಾಲ್ಕನ್ನೇ ಆಧಾರ ಮಾಡಿಕೊಂಡರು. ಆರು ತಿಂಗಳಾದ ಮೇಲೆ ನೋಡಿದಾಗ, ಕಾರ್ಯ ನಡೆದ ಹಳ್ಳಿಗಳಲ್ಲಿ ನೂರಕ್ಕೆ ೩೭ ಸಲವೂ, ನಡೆಯದ ಹಳ್ಳಿಗಳಲ್ಲಿ ನೂರಕ್ಕೆ ೬ ಸಲವೂ ಸಾಬೂನಿನಿಂದ ಕೈ ತೊಳೆದುದು ಕಂಡುಬಂದಿತು. ನೂರಕ್ಕೆ ೩೭ ಎಂದರೆ ಇನ್ನೂ ೬೩ ಸಲ ತೊಳೆಯಲಿಲ್ಲವೆಂದಾಯಿತಷ್ಟೆ. ಇದನ್ನು ಪೂರ್ಣವಿಜಯವೆಂದು ಹೇಳಲಾಗದು. ಆದರೆ ಮಕ್ಕಳ ಮೇಲಿನ ಮಮತೆಯು, ಕ್ರಿಮಿಯ ಪಾಠವು ಹೋಗಲಾರದ ಕಡೆಗೆ ಹೋಗಬಲ್ಲುದೆಂಬುದಕ್ಕೆ ಇದು ಒಳ್ಳೆಯ ಪ್ರಮಾಣ.

ಕೊನೆಯದಾಗಿ, ಧೀ, ಧೃತಿ, ಸ್ಮೃತಿಗಳು ಮೂರನ್ನೂ ಸೇರಿಸಿ ನಡೆಸಿದ ಒಂದು ಮಹಾಕಾರ್ಯವನ್ನು ಹೇಳಬೇಕಾಗಿದೆ. ಅದು ಭೇದಿಯಿಂದ ಸಾಯುತ್ತಿದ್ದ ಮಕ್ಕಳನ್ನು ಉಳಿಸಿದ ಕಥೆ. ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ದೇಹದಿಂದ ನೀರೂ ಲವಣಗಳೂ ಹರಿದುಹೋಗುವುದೇ. ಉಪ್ಪನ್ನೂ ಸಕ್ಕರೆಯನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿ ನೀರಿನಲ್ಲಿ ಕುಡಿಸಿದರೆ, ಸಕ್ಕರೆಯು ಕರುಳಿನಲ್ಲಿ ಉಪ್ಪನ್ನು ತನ್ನೊಡನೆ ಒಳಕ್ಕೆ ಕರೆದೊಯ್ಯುವುದು. ಅದರ ಹಿಂದೆ ನೀರೂ ಹೋಗುವುದು. ೧೯೭೧ರಲ್ಲಿ ಪೂರ್ವಬಂಗಾಳದ ನಿರಾಶ್ರಿತರು ತಂಗಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಿರೆಯೊಳಗೆ ಕೊಡುವ ಔಷಧದ್ರವವು ಮುಗಿದುಹೋಗಲು, ಡಾಕ್ಟರ್ ದಿಲೀಪ್ ಮಹಾಲನಬೀಸರು ಈ ಪಾನಕವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ೩೦ ಇದ್ದ ಸಾವು, ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ ೪ಕ್ಕೂ ಕಡಮೆಗೆ ಇಳಿಯಿತು.

ಔಷಧವೇನೋ ದೊರಕಿತು, ಅದನ್ನು ಮನೆಮನೆಗೆ ಮುಟ್ಟಿಸುವುದು ಹೇಗೆ? ಬಾಂಗ್ಲಾದೇಶದಲ್ಲಿ ಫಜಲ್ ಹಸನ್ ಆಬೆದ್ ಎಂಬ ಮಹನೀಯರು ೧೯೭೨ರಲ್ಲಿ ಸ್ಥಾಪಿಸಿದ ‘ಬ್ರಾಕ್’ ಎಂಬ ಸೇವಾಸಂಸ್ಥೆಯು ೧೯೮೦ರಿಂದ ೧೯೯೦ರವರೆಗೆ ಈ ಕೆಲಸವನ್ನು ಕೈಕೊಂಡಿತು. ಆ ಸಂಸ್ಥೆಯ ಕಾರ್ಯಕರ್ತೆಯರು ಹಳ್ಳಿಹಳ್ಳಿಗೆ ಹೋಗಿ, ಒಂದೊಂದು ಮನೆಯಲ್ಲಿಯೂ ತಾಯಿಯ ಎದುರಿಗೆ ಕುಳಿತು, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಇವನ್ನು ಕೂಡಿಸುವ ಬಗೆಯನ್ನು ಆಕೆಯ ಕೈಯಿಂದಲೇ ಮಾಡಿಸಿ ಕಲಿಸಿದರು. ಅಳತೆಗೆ ಬೆರಳು, ಹಿಡಿಗೆ ಅಂಗೈ; ಓದುಬರಹ ಬೇಕಾಗಿರಲಿಲ್ಲ. ನೆನಪಿಡಬೇಕಾದ ಅಂಶಗಳನ್ನು ಬೆರಳೆಣಿಕೆಗೆ ಇಳಿಸಿದ್ದರು. ಹೀಗೆ ಹತ್ತು ವರ್ಷಗಳಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಪಾಠವು ಮುಟ್ಟಿತು.

ಇದರಲ್ಲಿ ನನ್ನಂಥ ಉಪಾಧ್ಯಾಯರು ಕಣ್ಣಿಗೊತ್ತಿಕೊಳ್ಳಬೇಕಾದ ಒಂದು ಏರ್ಪಾಡಿದ್ದಿತು. ಪಾಠವಾದ ಕೆಲವು ದಿನಗಳ ಮೇಲೆ ಬೇರೆ ಪರೀಕ್ಷಕರು ಬಂದು, ಕೆಲವು ಮನೆಗಳನ್ನು ಆರಿಸಿ, ಪಾನಕವನ್ನು ಮಾಡಿ ತೋರಿಸುವಂತೆ ತಾಯಂದಿರನ್ನು ಕೇಳುತ್ತಿದ್ದರು. ತಾಯಂದಿರು ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದರೋ ಅದಕ್ಕೆ ತಕ್ಕಂತೆ ಕಲಿಸಿದವಳ ಸಂಬಳ! ಎಷ್ಟು ಮನೆಗೆ ಹೋಗಿ ಬಂದಳೆಂಬುದು ಲೆಕ್ಕವಲ್ಲ, ಎಷ್ಟು ಮನೆಯಲ್ಲಿ ಪಾಠ ನಿಂತಿತೆಂಬುದೇ ಲೆಕ್ಕ. ಶಿಷ್ಯನ ಮರೆವಿಗೆ ಶಿಷ್ಯನನ್ನೇ ದೂರುವ ನಮ್ಮ ಪದ್ಧತಿಗೆ ಇದು ಎಷ್ಟು ವಿಪರೀತವೆಂಬುದನ್ನು ತಾವೇ ಯೋಚಿಸಬೇಕು.

ಇಷ್ಟಾದರೂ ಮೊದಮೊದಲು ಒಂದು ವಿಚಿತ್ರವು ಕಂಡುಬಂದಿತು. ತಾಯಂದಿರು ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ಮಗುವಿಗೆ ಭೇದಿಯಾದಾಗ ಪಾನಕವನ್ನು ಕೊಡುತ್ತಿದ್ದವರು ಬಹು ವಿರಳ. ಸಂಸ್ಥೆಯವರು ಜನರನ್ನು ಬಯ್ಯದೆ ಕಾರಣವನ್ನು ಹುಡುಕಿದರು. ಕಲಿಸುವ ಕಾರ್ಯಕರ್ತೆಯರಲ್ಲಿಯೇ ಅನೇಕರಿಗೆ ಉಪ್ಪುಬೆಲ್ಲದ ನೀರಿನಲ್ಲಿ ನಂಬಿಕೆಯಿರಲಿಲ್ಲ. ತಮಗೆ ಭೇದಿಯಾದರೆ ಅವರೇ ಅದನ್ನು ಕುಡಿಯುತ್ತಿರಲಿಲ್ಲ. ಅಲ್ಲದೆ ಮನೆಯ ಗಂಡಸರಿಗೆ ಯಾರೂ ಏನನ್ನೂ ಹೇಳಿರಲಿಲ್ಲವಾಗಿ, ಈ ಹೊಸ ಪಾನಕಕ್ಕೆ ಅವರ ಬೆಂಬಲ ದೊರೆಯುತ್ತಿರಲಿಲ್ಲ. ಆಗ ಕಾರ್ಯಕರ್ತೆಯರಿಗೆ ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತಿಳಿಸಿದರು. ಗಂಡಸರನ್ನು ಮಸೀದಿಗಳಲ್ಲಿಯೂ ಸಂತೆಗಳಲ್ಲಿಯೂ ಶಾಲೆಗಳಲ್ಲಿಯೂ ಕಂಡು ಮಾತಾಡಿದರು. ಅನಂತರ ಬಳಕೆಯು ಏರತೊಡಗಿತು. ಹೇಳುವವನ ನುಡಿಗೂ ನಡೆಗೂ ನಡುವೆ ಇರುವ ಬಿರುಕು ಕೇಳುವವನ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಾಣುವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೇ? ನುಡಿದಂತೆ ನಡೆಯಬೇಕೆಂಬುದನ್ನು ನಮ್ಮ ಹಿರಿಯರು ಧರ್ಮವೆಂದು ವಿಧಿಸಿದರು. ಅದು ಬೋಧನೆಯ ಫಲಕ್ಕೂ ಮೂಲವೆಂದು ಬಂಗಾಳದ ಬಡತಾಯಂದಿರ ಮನೆಗಳಲ್ಲಿ ಸಿದ್ಧವಾಯಿತು.

ಮಹಾಜನರೇ, ಇದು ಮುಗಿದ ಕಥೆಯೆಂದು ತಿಳಿಯಬಾರದು. ಜಗತ್ತಿನಲ್ಲಿ ಇಂದಿಗೂ ಪ್ರತಿವರ್ಷ ಐದು ವರ್ಷಕ್ಕೆ ಒಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆದಕಾರಣ ಇಲ್ಲಿರುವ ತಂದೆತಾಯಿಗಳು ಇಷ್ಟನ್ನು ಗಟ್ಟಿಯಾಗಿ ಹಿಡಿಯಬೇಕು. ಓ.ಆರ್.ಎಸ್. ಪೊಟ್ಟಣವು ಸರಕಾರದ ಆರೋಗ್ಯಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯರಲ್ಲಿಯೂ ದೊರೆಯುವುದು. ಅದರ ಮೇಲೆ ಬರೆದಿರುವಷ್ಟೇ ಶುದ್ಧವಾದ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕು. ಪೊಟ್ಟಣ ಸಿಕ್ಕದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಣ್ಣ ಚಮಚೆಯಿಂದ ಮಟ್ಟವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಉಪ್ಪು ಹೆಚ್ಚಾಗಬಾರದು. ಕಲಸಿದುದನ್ನು ಒಂದು ದಿನದ ಮೇಲೆ ಇಡಬಾರದು. ಎದೆಹಾಲನ್ನೂ ಆಹಾರವನ್ನೂ ನಿಲ್ಲಿಸಬಾರದು. ಸತುವಿನ ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತೆಯರು ಹೇಳಿದಷ್ಟು ದಿನವೂ, ಭೇದಿ ನಿಂತ ಮೇಲೂ, ಬಿಡದೆ ಕೊಡಬೇಕು. ಮಗುವಿನ ಕಣ್ಣು ಗುಳಿಬಿದ್ದರೆ, ಮಂಕಾಗಿ ಮಲಗಿದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡು ಪೊಟ್ಟಣಗಳನ್ನು ಮನೆಯಲ್ಲಿ ಎಲ್ಲರಿಗೂ ತಿಳಿದ ಒಂದು ಸ್ಥಳದಲ್ಲಿ ಇಂದೇ ತಂದಿಡಿರಿ; ಅದೇ ನಿಮ್ಮ ನಕ್ಷೆ.

ಇನ್ನು ಶ್ರೀಮಠದ ಶಿಷ್ಯರಾದ ನಾವು ಮಾಡಬಹುದಾದ ಮೂರು ಸೇವೆಗಳನ್ನು ವಿನಯದಿಂದ ಸೂಚಿಸುತ್ತೇನೆ. ಮೊದಲನೆಯದು, ದಾಸೋಹದ ಮನೆಯಲ್ಲಿ ಪಂಕ್ತಿಗೆ ಹೋಗುವ ದಾರಿಯಲ್ಲಿಯೇ ನೀರನ್ನೂ ಸಾಬೂನನ್ನೂ ಇಡುವುದು. ಕೈ ತೊಳೆಯಿರೆಂದು ಗೋಡೆಗೆ ಬರೆದುದನ್ನು ಕಣ್ಣು ದಾಟಿಹೋಗಬಹುದು. ಕಾಲ ದಾರಿಯಲ್ಲಿ ನಲ್ಲಿಯಿದ್ದರೆ ಕೈ ತಾನಾಗಿ ಚಾಚುವುದು. ಜಾತ್ರೆಯ ದಿನಗಳಲ್ಲಂತೂ ಇದು ಅನ್ನದಷ್ಟೇ ಅವಶ್ಯಕ. ಎರಡನೆಯದು, ಊರೂರಿನ ಭಕ್ತಮಂಡಲಿಗಳಲ್ಲಿ ಆರೋಗ್ಯದ ಭಾಷಣವನ್ನು ಕಡಮೆ ಮಾಡಿ, ಹತ್ತು ಹದಿನೈದು ಮಂದಿ ದುಂಡಗೆ ಕುಳಿತು, ಒಂದೇ ಒಂದು ಅಭ್ಯಾಸವನ್ನು ಆರಿಸಿ, ಅಡ್ಡಿಗಳನ್ನು ಬಾಯಿಬಿಟ್ಟು ಹೇಳಿಕೊಂಡು, ಬರುವ ಸೋಮವಾರದವರೆಗೆ ನಡೆಸುವೆವೆಂದು ಕೈಯೆತ್ತಿ ನಿಶ್ಚಯಿಸುವುದು. ಆ ಸೋಮವಾರ ಕೂಡಿದಾಗ ನಿಂದೆಯಿಲ್ಲದೆ ವಿಚಾರಿಸುವುದು. ಮೂರನೆಯದು, ಪ್ರಸಾದನಿಲಯದ ಮಕ್ಕಳಿಗೆ ಹೇಳುವ ಮೊದಲು ಹಿರಿಯರಾದ ನಾವು, ಪಾಠ ಹೇಳುವವರೂ ಬಡಿಸುವವರೂ ಸೇರಿ, ಅವರೆದುರಿಗೆ ಮಾಡುವುದು. ಹೊಗೆಸೊಪ್ಪು ಹಾಕಿಕೊಂಡ ಬಾಯಿಂದ ಹೊರಟ ಉಪದೇಶಕ್ಕೆ ಹೊಗೆಸೊಪ್ಪಿನ ವಾಸನೆಯೇ ಹೊರತು ಬೇರೆ ಫಲವಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ‘ಇದೆಲ್ಲವೂ ಜನರ ಮನಸ್ಸನ್ನು ಉಪಾಯದಿಂದ ತಿರುಗಿಸಿದಂತಲ್ಲವೇ? ತಿಳಿಸಿ ಬಿಟ್ಟರೆ ಸಾಲದೇ?’ ಎಂದು ಕೆಲವರು ಕೇಳಬಹುದು. ಕೇಳುವವನಿಗೆ ಮುಚ್ಚಿಟ್ಟು ಮಾಡಿದರೆ ಅದು ವಂಚನೆಯೇ ಸರಿ. ಆದರೆ ಅವನೇ ಒಳ್ಳೆಯದೆಂದು ಒಪ್ಪಿದುದನ್ನು ಮಾಡುವುದಕ್ಕೆ ಅವನಿಗೆ ಅನುಕೂಲ ಮಾಡಿಕೊಡುವುದು ವಂಚನೆಯಲ್ಲ, ಸೇವೆ. ಇದಕ್ಕಿಂತ ದೊಡ್ಡ ದೋಷವೊಂದಿದೆ: ಅನುಕೂಲವಿಲ್ಲದವನಿಗೆ ಉಪದೇಶ ಮಾತ್ರ ಮಾಡಿ ಹೋಗುವುದು. ಮೈಲಿ ದೂರದಿಂದ ಕೊಡ ಹೊತ್ತು ನೀರು ತರುವ ತಾಯಿಗೆ ದಿನಕ್ಕೆ ಹತ್ತು ಸಲ ಕೈ ತೊಳೆಯೆಂದು ಹೇಳುವವನು ಮೊದಲು ಆ ಕೊಡವನ್ನು ಹೊತ್ತು ನೋಡಬೇಕು. ನೀರಿಲ್ಲದ ಕೇರಿಗೆ ನೀರು ಬರುವಂತೆ ಮಾಡುವುದೇ ಅಲ್ಲಿಯ ಮೊದಲನೆಯ ಆರೋಗ್ಯಪಾಠ, ಉಪನ್ಯಾಸವು ಆಮೇಲಿನದು. ರೋಗಿಯಾದವನನ್ನು ‘ನೀನೇ ತಂದುಕೊಂಡೆ’ ಎಂದು ಜರೆಯುವುದಕ್ಕೂ ಪ್ರಜ್ಞಾಪರಾಧದ ತತ್ತ್ವವನ್ನು ಯಾರೂ ಬಳಸಬಾರದು. ಧೃತಿಯೂ ಸ್ಮೃತಿಯೂ ಒಬ್ಬನ ಆಸ್ತಿಯಲ್ಲ. ಅವು ಮನೆಯಿಂದ, ನೆರೆಯಿಂದ, ಊರಿನಿಂದ ಅವನಿಗೆ ಒದಗಿಬರತಕ್ಕವು. ಅವನಲ್ಲಿ ಅವು ಕುಗ್ಗಿದ್ದರೆ ನಾವು ಒದಗಿಸಬೇಕಾದುದನ್ನು ಒದಗಿಸಿರುವೆವೇ ಎಂದು ಮೊದಲು ನಮ್ಮನ್ನು ನಾವು ಕೇಳಿಕೊಳ್ಳುವುದು ನ್ಯಾಯ.

ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ೩ ಮಂದಿಯೇ ನಡೆದರೆಂಬ ಲೆಕ್ಕವನ್ನು ನಾನೇ ತಮಗೆ ಹೇಳಿರುವೆನು. ಆದಕಾರಣ ನನ್ನ ಮಾತು ಮುಗಿದೊಡನೆ ಈ ಸಭೆಯು ಮುಗಿಯಬಾರದೆಂದು ಶ್ರೀಗಳವರಲ್ಲಿ ಪ್ರಾರ್ಥಿಸುತ್ತೇನೆ. ಒಂದೊಂದು ಊರಿನವರು ಒಂದೊಂದು ಕಡೆ ಕುಳಿತು, ತಮ್ಮ ಊರಿಗೆ ತಕ್ಕ ಒಂದು ನಿಶ್ಚಯವನ್ನು ಮಾಡಿಕೊಂಡು, ಅದನ್ನು ಸನ್ನಿಧಿಯಲ್ಲಿ ಅರಿಕೆ ಮಾಡಿ, ಪ್ರಸಾದವನ್ನು ಸ್ವೀಕರಿಸಿ ತೆರಳಲೆಂದು ಬೇಡಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.